ಕೇಬಲ್ ಬೇಡ, ಸೋಫಾ ಸರಿಸಿ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ. ಹಾಲ್ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ನೆಲಕ್ಕೆ ಶಹಾಬಾದ್ ಕಲ್ಲು. ಗೆಳೆಯನಿಂದ ಹಳೆ ಆಂಪ್ಲಿಫೈಯರ್ ಮತ್ತು 5 ಇಂಚಿನ ವೂಫರ್ (ತಳದ ಸ್ವರ ನುಡಿಸುವ ದೊಡ್ಡ ಕೋನ್) ಇರುವ ಎರಡು ಬುಕ್‌ಶೆಲ್ಫ್ ಸ್ಪೀಕರ್ ಕೊಂಡೆ. ಅವನ ಮನೆಯಲ್ಲಿ ಚೆನ್ನಾಗಿ ಕೇಳುತ್ತಿತ್ತು. ನಮ್ಮಲ್ಲಿ ತಬಲಾದ ಡಗ್ಗಾ ಒಂದೇ ಸಮ ‘ಗುಂ’ ಅನ್ನುತ್ತದೆ, ಹಾಡಿನ ಸಾಹಿತ್ಯ ಅರ್ಥವೇ ಆಗುವುದಿಲ್ಲ. ಜೊತೆಗೆ ಹಿಂದೆ ಸದಾ ಒಂದು ‘ಹುಂ’ ಸದ್ದು. ಒಂದು ಸ್ಪೀಕರ್ ಮೂಲೆಯಲ್ಲಿ ಶೋಕೇಸ್ ಮೇಲಿದೆ, ಇನ್ನೊಂದು ಅದೇ ಗೋಡೆಗೆ ಬಾಗಿಲ ಪಕ್ಕದ ಸಣ್ಣ ಟೇಬಲ್ ಮೇಲೆ. ಎದುರು ಗೋಡೆಗೆ ಸೋಫಾ. ಅಂಗಡಿಯವರು ಒಳ್ಳೆಯ ಕೇಬಲ್ ಹಾಕಿಸಿ, ಆಮೇಲೆ ಸಬ್‌ವೂಫರ್ ತಗೊಳ್ಳಿ ಅಂತಾರೆ. ನನ್ನ ಹತ್ತಿರ 3,000 ರೂಪಾಯಿ ಇದೆ. ಎಲ್ಲಿ ಖರ್ಚು ಮಾಡಲಿ?

ಉತ್ತರ: ಮೊದಲು ಆ ಕೇಬಲ್ ವಿಷಯ ಮುಗಿಸಿಬಿಡೋಣ. ಬೇಡ. ಆಂಪ್ಲಿಫೈಯರ್‌ನಿಂದ ಸ್ಪೀಕರಿಗೆ 4 ಮೀಟರ್ ವೈರ್ ಬೇಕು ಅಂದುಕೊಳ್ಳಿ. ಹೋಗುವುದು, ಬರುವುದು ಸೇರಿ 8 ಮೀಟರ್ ತಾಮ್ರ. 1.5 ಸ್ಕ್ವೇರ್ ಎಂಎಂ ವೈರ್ ಆದರೆ ಇದರ ರೆಸಿಸ್ಟೆನ್ಸ್ 0.1 ಓಮ್ ಕೂಡ ಮುಟ್ಟುವುದಿಲ್ಲ. ನಿಮ್ಮದು 8 ಓಮ್ ಸ್ಪೀಕರ್ ಆಗಿದ್ದರೆ ಅದರಿಂದ ಕಡಿಮೆಯಾಗುವ ಸದ್ದು ಸುಮಾರು 0.1 ಡೆಸಿಬೆಲ್. ಯಾರ ಕಿವಿಗೂ ಅದು ಗೊತ್ತಾಗುವುದಿಲ್ಲ. ಮನೆ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ 1.5 ಸ್ಕ್ವೇರ್ ಎಂಎಂ ಟೂ ಕೋರ್ ಫ್ಲೆಕ್ಸಿಬಲ್ ವೈರ್ ಕೇಳಿ, ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ, ಮೇಲೆ ಮಾತ್ರ ತಾಮ್ರದ ಲೇಪ. ಅದನ್ನು ಬಿಟ್ಟು ಪೂರ್ತಿ ತಾಮ್ರದ್ದು ತಗೊಳ್ಳಿ. ಕೇಬಲ್ ಬಗ್ಗೆ ಇಷ್ಟು ಸಾಕು.

ಈಗ ನಿಮ್ಮ ಪ್ರಶ್ನೆಯಲ್ಲೇ ಇರುವ ಸುಳಿವಿಗೆ ಬರೋಣ. ಇವೇ ಸ್ಪೀಕರ್ ಗೆಳೆಯನ ಮನೆಯಲ್ಲಿ ಚೆನ್ನಾಗಿದ್ದವು. ನಿಮ್ಮಲ್ಲಿಗೆ ಬಂದಮೇಲೆ ಕೆಟ್ಟವು. ನಡುವೆ ಬದಲಾಗಿದ್ದು ಕೋಣೆ ಒಂದೇ ಅಲ್ವಾ?

ಬಚ್ಚಲಲ್ಲಿ ನಿಂತು ಕೆಳದನಿಯಲ್ಲಿ ‘ಹೂಂ’ ಅಂತ ಸ್ವರ ಏರಿಸುತ್ತಾ ಇಳಿಸುತ್ತಾ ಹೋಗಿ. ಯಾವುದೋ ಒಂದು ಸ್ವರಕ್ಕೆ ಬಚ್ಚಲೆಲ್ಲ ಮೊಳಗುತ್ತದೆ, ಅದರ ಆಚೀಚೆ ಏನೂ ಇಲ್ಲ. ಎದುರುಬದುರು ಗೋಡೆಗಳ ನಡುವೆ ಸದ್ದಿನ ಅಲೆ ಸರಿಯಾಗಿ ಕೂತಾಗ ಹೀಗಾಗುತ್ತದೆ. ನಿಮ್ಮ ಹಾಲಿನಲ್ಲೂ ಅದೇ ಕಥೆ, ಸ್ವರ ಮಾತ್ರ ಇನ್ನೂ ಕೆಳಗಿನದು. ಲೆಕ್ಕ ಸುಲಭ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಅದನ್ನು ಮೀಟರಿನಲ್ಲಿ ಕೋಣೆಯ ಅಳತೆಯ ಎರಡರಷ್ಟರಿಂದ ಭಾಗಿಸಿ. 12 ಅಡಿಗೆ 47 ಹರ್ಟ್ಸ್, ಅಂದರೆ ಸೆಕೆಂಡಿಗೆ 47 ಕಂಪನ, ಬರುತ್ತದೆ. 10 ಅಡಿಗೆ ಸುಮಾರು 56. ನಿಮ್ಮ ಹಾಲಿನ ಅಗಲವೂ 10, ಎತ್ತರವೂ 10. ಹಾಗಾಗಿ 56 ಎರಡು ಸಲ ಬಂತು. ಇವುಗಳ ಎರಡರಷ್ಟೂ ಮೊಳಗುತ್ತವೆ: 94 ಮತ್ತು 112. ನಮ್ಮಲ್ಲಿ 10ಕ್ಕೆ 10 ರೂಮು, 10 ಅಡಿ ತಾರಸಿ ಕಟ್ಟುವುದು ಮಾಮೂಲು. ಅಲ್ಲಿ ಮೂರೂ ಅಳತೆ ಒಂದೇ ಸ್ವರಕ್ಕೆ ಬಂದು ಬೀಳುತ್ತವೆ. ನಿಮ್ಮದು ಅಷ್ಟು ಕೆಟ್ಟದ್ದಲ್ಲ.

5 ಇಂಚಿನ ವೂಫರ್ 47 ಹರ್ಟ್ಸ್‌ವರೆಗೆ ಅಷ್ಟಾಗಿ ಇಳಿಯುವುದಿಲ್ಲ. ಆದ್ದರಿಂದ ನಿಮ್ಮನ್ನು ಕಾಡುತ್ತಿರುವುದು ಮುಖ್ಯವಾಗಿ 56, 94, 112. ಡಗ್ಗಾದ ಗುಂಕಾರ, ಬೇಸ್ ಗಿಟಾರ್, ಗಂಡು ದನಿಯ ತಳ ಎಲ್ಲ ಓಡಾಡುವುದು ಈ ಸುತ್ತಮುತ್ತಲೇ. ನಂಬಿಕೆ ಬರದಿದ್ದರೆ ಫೋನಿಗೆ ಯಾವುದಾದರೂ ಉಚಿತ ಟೋನ್ ಜನರೇಟರ್ ಆ್ಯಪ್ ಹಾಕಿಕೊಳ್ಳಿ. ಫೋನನ್ನು ಆಂಪ್ಲಿಫೈಯರಿಗೆ ಜೋಡಿಸಿ, ಸಣ್ಣ ವಾಲ್ಯೂಮಿನಲ್ಲಿ 94 ಹರ್ಟ್ಸ್ ಹಾಕಿ ಹಾಲಿನ ಉದ್ದಕ್ಕೆ ನಡೆಯಿರಿ. ಗೋಡೆಯ ಹತ್ತಿರ ಜೋರು, ಮೂರು ಅಡಿ ಈಚೆ ಬಂದರೆ ಸದ್ದು ಕುಗ್ಗುತ್ತದೆ, ನಡುವಿಗೆ ಬಂದರೆ ಮತ್ತೆ ಜೋರು. ಆಂಪ್ಲಿಫೈಯರ್ ಮುಟ್ಟಿಲ್ಲ, ಸ್ಪೀಕರ್ ಮುಟ್ಟಿಲ್ಲ, ನೀವು ನಡೆದಿರಿ ಅಷ್ಟೇ.

ಈ ಅಲೆಗಳಿಗೆ ಗೋಡೆಯ ಬುಡದಲ್ಲಿ ಬಲ ಜಾಸ್ತಿ, ಮೂಲೆಯಲ್ಲಿ ಎಲ್ಲಕ್ಕಿಂತ ಜಾಸ್ತಿ. ನೀವು ಒಂದು ಸ್ಪೀಕರನ್ನು ಮೂಲೆಯಲ್ಲಿಟ್ಟು, ಎದುರು ಗೋಡೆಗೆ ತಲೆ ಆನಿಸಿ ಕೂತಿದ್ದೀರಿ. ಗುಂಕಾರ ಹುಟ್ಟಿಸಲು ಇದಕ್ಕಿಂತ ಒಳ್ಳೆಯ ಜಾಗ ಹುಡುಕಿದರೂ ಸಿಗುವುದಿಲ್ಲ.

ಸರಿ, ಹೇಗೆ ಜೋಡಿಸುವುದು? ಸ್ಪೀಕರ್‌ಗಳು 10 ಅಡಿಯ ಗೋಡೆಯ ಕಡೆಗೇ ಇರಲಿ, ಹಾಲಿನ ಉದ್ದಕ್ಕೆ ನುಡಿಯಲಿ. ಎರಡೂ ಪಕ್ಕದ ಗೋಡೆಯಿಂದ ಎರಡೂವರೆ ಅಡಿ ಒಳಗೆ ಬರಲಿ. ಆಗ ಅವುಗಳ ನಡುವೆ 5 ಅಡಿ ಉಳಿಯುತ್ತದೆ. ನೀವು ಅಗಲದ ಸರಿಯಾಗಿ ಮಧ್ಯದಲ್ಲಿ ಕೂರಬೇಕು. ಈ ಅಳತೆ ಸುಮ್ನೆ ಹೇಳಿದ್ದಲ್ಲ. ಎರಡು ಸ್ಪೀಕರ್ ಮಧ್ಯಗೆರೆಯಿಂದ ಸಮ ದೂರದಲ್ಲಿದ್ದರೆ ಅಗಲದ 56 ಹರ್ಟ್ಸ್ ಅಲೆಯನ್ನು ಒಂದು ಈ ಕಡೆ ತಳ್ಳುತ್ತದೆ, ಇನ್ನೊಂದು ಆ ಕಡೆ. ಅಲೆ ಏಳುವುದೇ ಇಲ್ಲ. ಇನ್ನು ಎರಡೂವರೆ ಅಡಿ ಅಂದರೆ ಅಗಲದ ಕಾಲು ಭಾಗ. 112 ಹರ್ಟ್ಸ್ ಅಲೆ ಸತ್ತಿರುವ ಜಾಗ ಅದು, ಅಲ್ಲಿಟ್ಟ ಸ್ಪೀಕರಿಗೆ ಅದನ್ನು ಎಬ್ಬಿಸಲು ಆಗುವುದಿಲ್ಲ. ಒಂದು ಮೂಲೆಯಲ್ಲಿ, ಇನ್ನೊಂದು ಬಾಗಿಲ ಪಕ್ಕ ಇದ್ದರೆ ಈ ಲಾಭ ಯಾವುದೂ ಇಲ್ಲ.

ಮುಂದೆ ಸೋಫಾ. ನಿಮ್ಮ ತಲೆ ಹಿಂದಿನ ಗೋಡೆಯಿಂದ ಕನಿಷ್ಠ 3 ಅಡಿ ಈಚೆ ಬರಲಿ. ಅಲ್ಲಿ ಉದ್ದದ 94 ಹರ್ಟ್ಸ್ ಮೊಳಗು ಹೆಚ್ಚುಕಡಿಮೆ ಮಾಯವಾಗುತ್ತದೆ, 47ರದ್ದು 3 ಡೆಸಿಬೆಲ್ ಇಳಿಯುತ್ತದೆ. ನಾಲ್ಕು, ನಾಲ್ಕೂವರೆ ಅಡಿಯಾದರೆ ಇನ್ನೂ ಒಳ್ಳೆಯದು. ಆದರೆ ಹಾಲಿನ ನಟ್ಟನಡುವೆ ಕೂರಬೇಡಿ, ಅಲ್ಲಿ ತಳದ ಸದ್ದೇ ಬರಿದಾಗಿ ಹಾಡು ತೆಳ್ಳಗೆ ಕೇಳುತ್ತದೆ. ಸೋಫಾ ನಡುಮನೆಗೆ ಬಂದರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲ ಅಂತ ಗೊತ್ತು. ಹಾಡು ಕೇಳುವಾಗ ಮಾತ್ರ ಒಂದು ಕುರ್ಚಿ ಎಳೆದುಕೊಂಡು ಕೂತರೂ ಆಯ್ತು. ಕುರ್ಚಿಯನ್ನು ಒಂದೊಂದು ಗೇಣು ಹಿಂದೆ ಮುಂದೆ ಸರಿಸುತ್ತಾ ನಿಮಗೆ ಗೊತ್ತಿರುವ ಒಂದೇ ಹಾಡು ಕೇಳಿ. ಕೊನೆಯ ತೀರ್ಮಾನ ಕಿವಿಯದೇ ಇರಲಿ, ಅಳತೆ ಟೇಪಿನದ್ದಲ್ಲ.

ಸ್ಪೀಕರ್ ಹಿಂದಿನ ಗೋಡೆಗೂ ಲೆಕ್ಕ ಇದೆ. ಹಿಂದಕ್ಕೆ ಹೋದ ಸದ್ದು ಗೋಡೆಗೆ ಬಡಿದು ಮರಳುವಾಗ, ಒಂದು ನಿರ್ದಿಷ್ಟ ಸ್ವರವನ್ನು ಮುಂದಿನ ಸದ್ದು ರದ್ದು ಮಾಡುತ್ತದೆ. ವೂಫರ್ ಗೋಡೆಯಿಂದ 60 ಸೆಂಟಿಮೀಟರ್ ದೂರ ಇದ್ದರೆ 143 ಹರ್ಟ್ಸ್ ಸುತ್ತ ಒಂದು ಗುಂಡಿ ಬೀಳುತ್ತದೆ. ಪಕ್ಕದ ಗೋಡೆಯೂ ಅಷ್ಟೇ ದೂರದಲ್ಲಿದ್ದರೆ ಅದೇ ಜಾಗದಲ್ಲಿ ಗುಂಡಿ ಆಳವಾಗುತ್ತದೆ. ಅದಕ್ಕೇ ಎರಡು ದೂರ ಬೇರೆ ಬೇರೆ ಇರಬೇಕು. ಪಕ್ಕಕ್ಕೆ ಎರಡೂವರೆ ಅಡಿ ಅಂದಿದ್ದೇನೆ, ಹಿಂದಕ್ಕೆ ಒಂದೂವರೆಯಿಂದ ಎರಡು ಅಡಿ ಇಡಿ.

ಅಷ್ಟು ಜಾಗ ಇಲ್ಲ, ಸ್ಪೀಕರ್ ಗೋಡೆಗೆ ಅಂಟಿಕೊಂಡೇ ಇರಬೇಕು ಅಂತಾದರೆ ಒಂದು ಕಾಲುಚೀಲ ತಗೊಳ್ಳಿ. ತಮಾಷೆ ಅಲ್ಲ. ಸ್ಪೀಕರ್ ಹಿಂದೆ ಅಥವಾ ಮುಂದೆ ಒಂದು ದುಂಡನೆಯ ತೂತು ಇರುತ್ತದಲ್ಲ, ಅದನ್ನು ಪೋರ್ಟ್ ಅಂತಾರೆ. ಅದು ತಳದ ಸ್ವರಗಳನ್ನು ಎತ್ತಿಕೊಡುತ್ತದೆ. ಗೋಡೆಯೂ ಅದೇ ಕೆಲಸ ಮಾಡುತ್ತಿರುವಾಗ ಇಬ್ಬರೂ ಸೇರಿ ಅತಿಯಾಗುತ್ತದೆ. ಒಗೆದ ಹತ್ತಿ ಕಾಲುಚೀಲವನ್ನು ಸುರುಳಿ ಸುತ್ತಿ ತೂತಿಗೆ ತುರುಕಿ. ಪೂರ್ತಿ ಒಳಗೆ ಬೀಳದಂತೆ ತುದಿ ಹೊರಗಿರಲಿ. ಬೇಸ್ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಬಿಗಿಯಾಗುತ್ತದೆ. ಡಗ್ಗಾದ ಪೆಟ್ಟು ಪೆಟ್ಟಾಗಿಯೇ ಕೇಳುತ್ತದೆ. ಕೆಲವು ಕಂಪನಿಗಳು ಇದಕ್ಕೆಂದೇ ಸ್ಪಂಜಿನ ಬಿರಡೆ ಕೊಡುತ್ತವೆ, ಕಾಲುಚೀಲದ ಕೆಲಸವೂ ಅದೇ.

ಶೋಕೇಸ್ ಮೇಲಿಂದ ಸ್ಪೀಕರ್ ಇಳಿಸಲೇಬೇಕು. ಟೊಳ್ಳು ಪ್ಲೈವುಡ್, ಗಾಜಿನ ಬಾಗಿಲು, ಒಳಗೆ ಸ್ಟೀಲ್ ಲೋಟ. ಇವೆಲ್ಲ ಸ್ಪೀಕರ್ ಜೊತೆ ತಾವೂ ಹಾಡುತ್ತವೆ. ಅದೇ ಟೋನ್ ಆ್ಯಪ್‌ನಲ್ಲಿ 60ರಿಂದ 300 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸಿ, ಏನೇನು ಗಲಗಲ ಅನ್ನುತ್ತದೆ ನೋಡಿ, ಕೈಯಿಟ್ಟು ಹಿಡಿಯಿರಿ. ಫೋಟೋ ಫ್ರೇಮ್, ಕಿಟಕಿಯ ಚಿಲಕ, ಟ್ಯೂಬ್‌ಲೈಟ್ ಪಟ್ಟಿ ಎಲ್ಲ ಸಿಕ್ಕಿಬೀಳುತ್ತವೆ. ಒಂದು ತುಂಡು ಫೆಲ್ಟ್ ಅಥವಾ ಹಳೆ ಸೈಕಲ್ ಟ್ಯೂಬ್ ಸಿಕ್ಕಿಸಿದರೆ ಸುಮ್ಮನಾಗುತ್ತವೆ.

ಸ್ಪೀಕರಿಗೆ ಗಟ್ಟಿಯಾದ ಮರದ ಸ್ಟೂಲ್ ಸಾಕು. ಮೇಲೆ ಶಹಾಬಾದ್ ಕಲ್ಲಿನ ಒಂದು ತುಂಡು ಇಡಿ, ಅದರ ಮೇಲೆ ನಾಲ್ಕು ರಬ್ಬರ್ ಬಿಲ್ಲೆ, ಆಮೇಲೆ ಸ್ಪೀಕರ್. ಕಲ್ಲಿನ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡುಗಳು ತೀರಾ ಅಗ್ಗಕ್ಕೆ ಸಿಗುತ್ತವೆ. ಮೇಲಿನ ಸಣ್ಣ ಗುಮ್ಮಟ, ಅಂದರೆ ಟ್ವೀಟರ್, ಕೂತಾಗ ನಿಮ್ಮ ಕಿವಿಯ ಮಟ್ಟಕ್ಕೆ ಬರಬೇಕು. ಸಾಮಾನ್ಯವಾಗಿ ನೆಲದಿಂದ ಮೂರು, ಮೂರೂಕಾಲು ಅಡಿ. ಹೈ ಸ್ವರಗಳು ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತವೆ. ಟ್ವೀಟರ್ ಮೊಣಕಾಲಿನ ಮಟ್ಟದಲ್ಲಿದ್ದರೆ ಹಾಡಿನ ವ್ಯಂಜನಗಳೆಲ್ಲ ಸೋಫಾದ ಕಾಲಿಗೆ ಹೋಗುತ್ತವೆ. ಸ್ಟೂಲ್ ಗಿಡ್ಡ ಇದ್ದರೆ ಸ್ಪೀಕರ್ ಮುಂಭಾಗದ ಕೆಳಗೆ ಬಾಗಿಲಿಗೆ ಸಿಕ್ಕಿಸುವ ರಬ್ಬರ್ ಸ್ಟಾಪರ್ ಇಟ್ಟು ಮುಖ ಮೇಲೆತ್ತಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಕಟ್ಟಿ ಭದ್ರ ಮಾಡಿ, ಕಲ್ಲು ಮತ್ತು ಸ್ಪೀಕರ್ ಎರಡೂ ಕಾಲಿನ ಮೇಲೆ ಬೀಳುವಂಥವು.

ಜೋಡಿಸುವಾಗ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಇದೆಯಾ ನೋಡಿ. ಸೆಕೆಂಡ್ ಹ್ಯಾಂಡ್ ಸೆಟ್ಟಿನಲ್ಲಿ ಒಂದು ಸ್ಪೀಕರಿಗೆ ಉಲ್ಟಾ ಕೊಟ್ಟಿರುವುದು ತುಂಬಾ ಮಾಮೂಲು. ಆಗ ಒಂದರ ಕೋನ್ ಮುಂದೆ ಬಂದಾಗ ಇನ್ನೊಂದು ಹಿಂದೆ ಹೋಗುತ್ತದೆ, ದನಿ ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯುವುದಿಲ್ಲ. ಪರೀಕ್ಷೆಗೆ ಆಕಾಶವಾಣಿ ವಾರ್ತೆ ಹಾಕಿ. ಓದುವವರು ಎರಡು ಸ್ಪೀಕರ್ ನಡುವೆ, ಎದುರಿಗೆ ಕೂತಂತೆ ಕೇಳಬೇಕು. ದನಿ ತಲೆಯ ಸುತ್ತ ಚೆದುರಿದಂತಿದ್ದರೆ ಒಂದು ಕಡೆಯ ವೈರ್ ಅದಲುಬದಲು ಮಾಡಿ. ವೈರಿಗೆ ಬಣ್ಣವೇ ಇಲ್ಲದಿದ್ದರೆ ಅದನ್ನು ಆಂಪ್ಲಿಫೈಯರ್‌ನಿಂದ ಬಿಚ್ಚಿ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ. ಸೆಲ್‌ನ ಪ್ಲಸ್ ಮುಟ್ಟಿದ ವೈರ್ ಸ್ಪೀಕರಿನ ಕೆಂಪಿಗೆ ಹೋಗಿದ್ದರೆ ಕೋನ್ ಹೊರಕ್ಕೆ ಚಿಮ್ಮುತ್ತದೆ.

ಅದೇ ಹೊತ್ತಿಗೆ ಮುಂದಿನ ಜಾಲರಿ ತೆಗೆದು ಕೋನ್ ಅಂಚು ನೋಡಿಬಿಡಿ. ಹಳೆ ಸ್ಪೀಕರ್‌ಗಳಲ್ಲಿ ಆ ಅಂಚು ಫೋಮ್ ಆಗಿರುತ್ತದೆ, ವರ್ಷಗಳಾದಂತೆ ಪುಡಿಪುಡಿಯಾಗುತ್ತದೆ. ಬೆರಳಿಗೆ ಅಂಟು ಪುಡಿ ಬಂದರೆ ಮೊದಲು ಅದರ ರಿಪೇರಿ ಆಗಬೇಕು, ಬೇರೆಲ್ಲ ಆಮೇಲೆ. ಫೋಮ್ ರಿಂಗ್ ಬೇರೆಯಾಗಿ ಸಿಗುತ್ತದೆ. ತಾಳ್ಮೆ ಇದ್ದರೆ ಮನೆಯಲ್ಲೇ ಅಂಟಿಸಬಹುದು, ಇಲ್ಲ ಅಂದರೆ ಸ್ಪೀಕರ್ ರಿಪೇರಿಯವರು ಮಾಡಿಕೊಡುತ್ತಾರೆ. ಅಂಚು ರಬ್ಬರ್ ಆಗಿದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ.

ಇಲ್ಲಿಯವರೆಗೆ ಖರ್ಚು ವೈರ್, ಕಲ್ಲು, ರಬ್ಬರ್ ಇಷ್ಟೇ. ದುಡ್ಡು ನಿಜವಾಗಿ ಹೋಗಬೇಕಾದ್ದು ಸಾಹಿತ್ಯ ಅರ್ಥವಾಗದ ಸಮಸ್ಯೆಗೆ. ಹಾಲಿನ ಮಧ್ಯ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ‘ಝಿಂಯ್’ ಅಂತ ಬಾಲ ಉಳಿಯುತ್ತದಾ? ಕಲ್ಲು ನೆಲ, ಗಾರೆ ಗೋಡೆ, ಕಾಂಕ್ರೀಟ್ ತಾರಸಿ. ಸದ್ದು ಇವುಗಳ ನಡುವೆ ಅಲೆದಾಡುತ್ತಾ ಸಾಯುವುದಕ್ಕೆ ಹೊತ್ತು ತೆಗೆದುಕೊಳ್ಳುತ್ತದೆ. ನಿಮ್ಮ ಹಾಲಿನ ಗಾತ್ರ ಸುಮಾರು 34 ಘನ ಮೀಟರ್. ಪೂರ್ತಿ ಖಾಲಿ ಇದ್ದರೆ ಸದ್ದು ಅಡಗಲು ಸುಮಾರು ಒಂದೂವರೆ ಸೆಕೆಂಡು ಬೇಕಾಗುತ್ತದೆ. ಹಿಂದಿನ ಪದ ಇನ್ನೂ ಇರುವಾಗಲೇ ಮುಂದಿನ ನಾಲ್ಕು ಪದ ಬಂದಿರುತ್ತವೆ. ಅದನ್ನು ಅರ್ಧ ಸೆಕೆಂಡಿನ ಆಸುಪಾಸಿಗೆ ತರಬೇಕು.

ಈ ಲೆಕ್ಕ ಹುಟ್ಟಿದ್ದೂ ಮನೆಬಳಕೆಯ ವಸ್ತುವಿನಿಂದಲೇ. 1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಹೊಸದಾಗಿ ಕಟ್ಟಿದ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತು ಅರ್ಥವಾಗುತ್ತಿರಲಿಲ್ಲ. ಆಡಿದ ಪದ ಐದೂವರೆ ಸೆಕೆಂಡು ಉಳಿಯುತ್ತಿತ್ತು. ವ್ಯಾಲೇಸ್ ಸಬೈನ್ ಎಂಬ ಯುವ ಭೌತಶಾಸ್ತ್ರ ಅಧ್ಯಾಪಕರಿಗೆ ಸರಿಪಡಿಸಲು ಹೇಳಿದರು. ಅವರು ಹತ್ತಿರದ ರಂಗಮಂದಿರದಿಂದ ಸೀಟಿನ ಮೆತ್ತೆಗಳನ್ನು ಹೊರಿಸಿ ತಂದರು. ಆರ್ಗನ್ ಕೊಳವೆ ಊದಿಸಿ, ಗಡಿಯಾರ ಹಿಡಿದು, ಇಷ್ಟು ಮೆತ್ತೆಗೆ ಇಷ್ಟು ಹೊತ್ತು ಕಡಿಮೆ ಅಂತ ರಾತ್ರಿಯೆಲ್ಲ ಅಳೆದರು. ಇವತ್ತಿಗೂ ಸಭಾಂಗಣ ಕಟ್ಟುವವರು ಅವರ ಸೂತ್ರವನ್ನೇ ಬಳಸುತ್ತಾರೆ.

ನೀವೂ ಮೆತ್ತೆಯಿಂದಲೇ ಶುರು ಮಾಡಿ. ನಿಮಗೂ ಸ್ಪೀಕರಿಗೂ ನಡುವಿನ ನೆಲದ ಮೇಲೆ ದಪ್ಪ ಜಮಖಾನ ಹಾಸಿ. ನವಲಗುಂದ ನಿಮಗೆ ದೂರವೇನಿಲ್ಲ, ಅಲ್ಲಿಯ ಜಮಖಾನಕ್ಕೆ ಜಿಐ ಟ್ಯಾಗ್ ಕೂಡ ಇದೆ. ಈ ಬಜೆಟ್ಟಿಗೆ ಅದು ಜಾಸ್ತಿಯಾದರೆ ಯಾವ ಹಳೆ ಜಮಖಾನವಾದರೂ ಸರಿ, ಕೆಳಗೆ ಒಂದು ಕಂಬಳಿ ಹಾಸಿ. ಪಕ್ಕದ ಗೋಡೆಯಲ್ಲಿ ಎಲ್ಲಿ ಬೇಕು ಅನ್ನುವುದನ್ನು ಕನ್ನಡಿ ಹೇಳುತ್ತದೆ. ನೀವು ಕೂತಿರಿ, ಮನೆಯವರೊಬ್ಬರು ಗೋಡೆಗೆ ಕನ್ನಡಿ ಒತ್ತಿ ಹಿಡಿದು ನಿಧಾನಕ್ಕೆ ಸರಿಸಲಿ. ಯಾವ ಜಾಗದಲ್ಲಿ ಕನ್ನಡಿಯೊಳಗೆ ಸ್ಪೀಕರ್ ಕಾಣುತ್ತದೋ ಅಲ್ಲಿಂದಲೇ ಸದ್ದು ಪುಟಿದು ನಿಮ್ಮ ಕಿವಿಗೆ ಬರುತ್ತಿದೆ. ಎರಡೂ ಪಕ್ಕ ಆ ಜಾಗಗಳನ್ನು ಮುಚ್ಚಿದರೆ ಸಾಕು, ಇಡೀ ಗೋಡೆ ಬೇಕಿಲ್ಲ. ಒಂದು ಕಡೆ ಪುಸ್ತಕದ ಕಪಾಟು ಬಂದರೂ ಒಳ್ಳೆಯದೇ.

ಮುಚ್ಚುವುದಕ್ಕೆ ಏನು? ತೆಳು ಪರದೆ ಹೈ ಸ್ವರಗಳನ್ನು ಮಾತ್ರ ಹೀರುತ್ತದೆ. ಬರೀ ಅದನ್ನೇ ಹಾಕಿದರೆ ಝಿಂಯ್ ಹೋಗಿ ಮಂಕು ಬರುತ್ತದೆ, ಗುಂಕಾರ ಹಾಗೇ ಇರುತ್ತದೆ. ದಪ್ಪ ಬೇಕು, ಹಿಂದೆ ಗಾಳಿಗೆ ಜಾಗವೂ ಬೇಕು. ಎರಡಡಿ ಅಗಲ, ನಾಲ್ಕಡಿ ಎತ್ತರದ ಮರದ ರೀಪರ್ ಚೌಕಟ್ಟು ಹೊಡೆಸಿ. ಒಳಗೆ 50 ಮಿಲಿಮೀಟರ್ ದಪ್ಪದ, ಘನ ಮೀಟರಿಗೆ 48 ಕೆಜಿ ಡೆನ್ಸಿಟಿಯ ರಾಕ್‌ವೂಲ್ (ಕಲ್ಲಿನ ನಾರಿನ) ಹಲಗೆ ಕೂರಿಸಿ. ಮುಂದೆ ಹಿಂದೆ ಹತ್ತಿ ಬಟ್ಟೆ ಬಿಗಿದು ಹೊಲಿಯಿರಿ. ಬಾಯಿಗೆ ಹಿಡಿದು ಊದಿದರೆ ಉಸಿರು ಆಚೆ ಬರುವಂಥ ಬಟ್ಟೆ ಇರಲಿ. ಗೋಡೆಗೆ ಅಂಟಿಸದೆ ಎರಡು ಇಂಚು ಬಿಟ್ಟು ನೇತುಹಾಕಿ, ಆ ಖಾಲಿ ಜಾಗದಿಂದ ಇನ್ನೂ ಕೆಳಗಿನ ಸ್ವರಗಳೂ ಅಡಗುತ್ತವೆ. ಕೆಲಸ ಮಾಡುವಾಗ ಮಾಸ್ಕ್, ಕೈಗವಸು ಮರೆಯಬೇಡಿ, ಆ ನಾರು ತುರಿಕೆ ತರುತ್ತದೆ. ರಾಕ್‌ವೂಲ್ ಬೇಡ ಅಂದರೆ ಹಳೆ ಹತ್ತಿ ಹಾಸಿಗೆ ಬಿಚ್ಚಿ ಅದೇ ಚೌಕಟ್ಟಿಗೆ ತುಂಬಿ, ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಬಾಡಿಗೆ ಮನೆ ಅಂದಿರಿ. ಮೊಳೆ ಹೊಡೆಯುವ ಹಾಗಿಲ್ಲದಿದ್ದರೆ ಕಾಲು ಕೊಟ್ಟು ನಿಲ್ಲಿಸಿಬಿಡಿ.

ಮೊಟ್ಟೆ ಟ್ರೇ ಅಂಟಿಸುವವರ ಮಾತು ಕೇಳಬೇಡಿ. ತೆಳು ರಟ್ಟು ಏನನ್ನೂ ಹೇಳಿಕೊಳ್ಳುವಷ್ಟು ಹೀರುವುದಿಲ್ಲ, ಬೆಂಕಿ ಮಾತ್ರ ಬೇಗ ಹಿಡಿಯುತ್ತದೆ. ಇನ್ನೊಂದು ಮಾತು: ಇದೆಲ್ಲ ಒಳಗಿನ ಸದ್ದನ್ನು ತಿಳಿಗೊಳಿಸುತ್ತದೆ, ಪಕ್ಕದ ಮನೆಗೆ ಹೋಗುವುದನ್ನು ತಡೆಯುವುದಿಲ್ಲ. ಅದಕ್ಕೆ ವಾಲ್ಯೂಮ್ ಗುಂಡಿಯೇ ಗತಿ.

‘ಹುಂ’ ಸದ್ದಿಗೆ ಬರೋಣ. ಆಂಪ್ಲಿಫೈಯರ್ ಆಫ್ ಮಾಡಿ, ಹಿಂದಿನ ಎಲ್ಲ ಇನ್‌ಪುಟ್ ವೈರ್ ಕಿತ್ತು, ಮತ್ತೆ ಆನ್ ಮಾಡಿ. ಹುಂ ಇನ್ನೂ ಇದ್ದರೆ ತೊಂದರೆ ಆಂಪ್ಲಿಫೈಯರ್ ಒಳಗೇ ಇದೆ. ಹಳೆ ಕೆಪಾಸಿಟರ್ ಸೋತಿರಬಹುದು. ಮುಚ್ಚಳ ನೀವೇ ತೆಗೆಯಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ. ಮೆಕ್ಯಾನಿಕ್‌ಗೆ ಕೊಡಿ. ಹುಂ ನಿಂತರೆ ಒಂದೊಂದೇ ವೈರ್ ಹಾಕುತ್ತಾ ಹೋಗಿ, ಪ್ರತಿ ಸಲವೂ ಆಫ್ ಮಾಡಿಯೇ. ಯಾವುದಕ್ಕೆ ಹುಂ ಮರಳುತ್ತದೋ ಅದೇ ಕಳ್ಳ.

ಹೆಚ್ಚಾಗಿ ಸಿಕ್ಕಿಬೀಳುವುದು ಟಿವಿ. ಡಿಶ್‌ನಿಂದ ಬರುವ ಕೇಬಲ್‌ನ ಹೊರ ಕವಚ ತಾರಸಿಯ ಮೇಲೆ ಕಬ್ಬಿಣದ ಕಂಬಕ್ಕೆ ತಾಗಿ ನೆಲ ಸೇರಿರುತ್ತದೆ. ಆಂಪ್ಲಿಫೈಯರ್ ಇನ್ನೊಂದು ದಾರಿಯಲ್ಲಿ ನೆಲ ಸೇರಿದೆ. ಎರಡು ದಾರಿಯ ನಡುವೆ ಸಣ್ಣ ಕರೆಂಟ್ ಹರಿದು 50 ಹರ್ಟ್ಸ್ ಹುಂಕಾರ ಬರುತ್ತದೆ. ಟಿವಿ, ಸೆಟ್‌ಟಾಪ್ ಬಾಕ್ಸ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಅರ್ಧ ಸಲ ಅಲ್ಲಿಗೇ ಮುಗಿಯುತ್ತದೆ. ಇಲ್ಲವಾದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಒಂದು ಪುಟ್ಟ ಡಬ್ಬಿ ಸಿಗುತ್ತದೆ, ಕೆಲವೇ ನೂರು ರೂಪಾಯಿ. ಟಿವಿಯಲ್ಲಿ ಆಪ್ಟಿಕಲ್ ಔಟ್, ಆಂಪ್ಲಿಫೈಯರಿನಲ್ಲಿ ಅದಕ್ಕೆ ಜಾಗ ಇದ್ದರೆ ಇನ್ನೂ ಸುಲಭ, ಬೆಳಕಿನಲ್ಲಿ ಹುಂಕಾರ ಹರಿಯುವುದಿಲ್ಲ. ಪ್ಲಗ್ಗಿನ ಮೂರನೇ ಪಿನ್ ಮುರಿದರೆ ಹುಂ ನಿಲ್ಲುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಲ್ಲಬಹುದು. ಆದರೆ ಮುಂದೊಂದು ದಿನ ಒಳಗೆ ಶಾರ್ಟ್ ಆದರೆ ಆಂಪ್ಲಿಫೈಯರಿನ ಲೋಹದ ಮೈಯಲ್ಲಿ 230 ವೋಲ್ಟ್ ನಿಂತಿರುತ್ತದೆ. ಮುಟ್ಟಿದವರ ಪ್ರಾಣಕ್ಕೇ ಬರುತ್ತದೆ. ಆ ಪಿನ್ ಮುಟ್ಟಬೇಡಿ.

ಸದ್ದು ‘ಹುಂ’ ಅಲ್ಲ, ‘ಝುರ್’ ಅನ್ನುವಂತಿದ್ದರೆ ಫ್ಯಾನ್ ರೆಗ್ಯುಲೇಟರ್ ತಿರುಗಿಸಿ ನೋಡಿ. ಜೊತೆಗೆ ಅದೂ ಬದಲಾದರೆ ಟ್ರಯಾಕ್ (ಕರೆಂಟನ್ನು ಕ್ಷಣಕ್ಷಣಕ್ಕೂ ಕತ್ತರಿಸುವ ಸ್ವಿಚ್) ಇರುವ ಅಗ್ಗದ ರೆಗ್ಯುಲೇಟರ್ ಕಾರಣ. ಕೆಪಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರ್ ಹಾಕಿಸಿದರೆ ಹೋಗುತ್ತದೆ. ಕರೆಂಟ್ ಹೋದಾಗ ಮಾತ್ರ ಕೇಳಿದರೆ ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು, ಅದಕ್ಕೆ ಅಗ್ಗದ ಮದ್ದಿಲ್ಲ.

ಫೋನ್‌ನಿಂದ ಹಾಡು ಹಾಕುವುದಾದರೆ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಕ್ವಾಲಿಟಿ ‘ಹೈ’ ಮಾಡಿ, ಎಷ್ಟೋ ಜನ ಡೇಟಾ ಉಳಿಸುವ ಮೋಡ್‌ನಲ್ಲೇ ಬಿಟ್ಟಿರುತ್ತಾರೆ. ವೈರ್ ಹಾಕಿದರೆ ಫೋನ್ ವಾಲ್ಯೂಮ್ ಮುಕ್ಕಾಲಿಗಿಂತ ಮೇಲಿಟ್ಟು ಆಂಪ್ಲಿಫೈಯರಿನಲ್ಲಿ ಇಳಿಸಿಕೊಳ್ಳಿ, ಹಿಸ್ಸ್ ಕಡಿಮೆಯಾಗುತ್ತದೆ. ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಕರೆಂಟ್ ತೆಗೆದು ಗುಂಡಿಯನ್ನು ಆ ತುದಿಯಿಂದ ಈ ತುದಿಗೆ ಹತ್ತಾರು ಸಲ ತಿರುಗಿಸಿ, ಬಹಳ ಸಲ ಅಷ್ಟೇ ಸಾಕು. ಆಂಪ್ಲಿಫೈಯರಿನಲ್ಲಿ ‘ಲೌಡ್‌ನೆಸ್’ ಬಟನ್ ಇದ್ದರೆ ರಾತ್ರಿ ಸಣ್ಣಗೆ ಕೇಳುವಾಗ ಮಾತ್ರ ಒತ್ತಿ. ಸದ್ದು ಕಡಿಮೆಯಾದಷ್ಟೂ ನಮ್ಮ ಕಿವಿಗೆ ತಳದ ಸ್ವರ ಇನ್ನೂ ಕಡಿಮೆ ಕೇಳುತ್ತದೆ, ಅದನ್ನು ತುಂಬಿಕೊಡುವುದಕ್ಕೆ ಆ ಬಟನ್ ಇರುವುದು. ಜೋರಾಗಿ ಕೇಳುವಾಗಲೂ ಒತ್ತಿಯೇ ಇಟ್ಟರೆ ಗುಂಕಾರಕ್ಕೆ ನೀವೇ ಊಟ ಹಾಕಿದಂತೆ. ನಿಮ್ಮ ಸೆಟ್ಟಿನಲ್ಲಿ ಈಗ ಅದು ಆನ್ ಇದೆಯಾ ಅಂತ ಇವತ್ತೇ ನೋಡಿ.

ಕೊನೆಗೆ ಸಬ್‌ವೂಫರ್. ಈಗ ಬೇಡ. ಗುಂಕಾರ ಇರುವ ಕೋಣೆಗೆ ಇನ್ನಷ್ಟು ಬೇಸ್ ತಂದು ಸುರಿದರೆ 47 ಹರ್ಟ್ಸ್ ಕೂಡ ಎದ್ದು ಕೂರುತ್ತದೆ. ಮೇಲಿನದೆಲ್ಲ ಮಾಡಿ ಒಂದೆರಡು ತಿಂಗಳು ಕೇಳಿ. ಆಮೇಲೂ ತಳ ಸಾಲದು ಅನ್ನಿಸಿದರೆ, ಯಾರ ಹತ್ತಿರವಾದರೂ ಒಂದು ಸಬ್‌ವೂಫರ್ ಎರಡು ದಿನ ಕೇಳಿ ತನ್ನಿ. ಅದನ್ನು ನೀವು ಕೂರುವ ಕುರ್ಚಿಯ ಮೇಲಿಟ್ಟು ಬೇಸ್ ಜಾಸ್ತಿ ಇರುವ ಹಾಡು ಹಾಕಿ. ನೀವು ಗೋಡೆಗುಂಟ ಅಂಬೆಗಾಲಿಡುತ್ತಾ ಹಾಲ್ ಸುತ್ತಿ. ಬೇಸ್ ಎಲ್ಲಿ ಸಮನಾಗಿ, ಬಿಗಿಯಾಗಿ ಕೇಳುತ್ತದೋ ಆ ಜಾಗಕ್ಕೆ ಚಾಕ್‌ಪೀಸಿನಿಂದ ಗುರುತು ಹಾಕಿ. ಸಬ್‌ವೂಫರ್ ಅಲ್ಲಿಟ್ಟು ನೀವು ಕುರ್ಚಿಗೆ ಮರಳಿದರೆ ಅದೇ ಬೇಸ್ ಕೇಳುತ್ತದೆ. ಅಂಥ ಜಾಗ ಒಂದೂ ಸಿಗದಿದ್ದರೆ ಕೊಟ್ಟವರಿಗೆ ವಾಪಸ್ ಕೊಟ್ಟುಬಿಡಿ.